ಫೈರ್‌ಫ್ಲೈ ವಿಮಾನ ಮತ್ತು ನಮ್ಮಜ್ಜ

ಮೊನ್ನೆ ಗೋವೆಯ ಮ್ಯೂಸಿಯಂನಲ್ಲಿ ಹಳೆಯ ಫೈರ್‌ಫ್ಲೈ ಯುದ್ಧವಿಮಾನದ ಎದುರು ನಿಂತಾಗ ಬ್ಯಾಡಗಿಯ ನಮ್ಮಜ್ಜ ಕಣ್ಮುಂದೆ ಬಂದ.

ಅಜ್ಜ ಹರೆಯದಲ್ಲಿ ಕೊಚ್ಚಿಯ ನೌಕಾಪಡೆಯಲ್ಲಿ ಇಂಥದೇ ವಿಮಾನಗಳ ಮೆಕ್ಯಾನಿಕ್ ಆಗಿದ್ದ. ಅವನು ಸಜ್ಜುಗೊಳಿಸಿದ ವಿಮಾನವೊಂದು ಒಂದು ಬೆಳಿಗ್ಗೆ ಸಮುದ್ರದ ಮೇಲೆ ಹೋದದ್ದು ತಿರುಗಿ ಬರಲಿಲ್ಲ. ತಪ್ಪು ಅವನದಲ್ಲವೆಂದು ವಿಚಾರಣೆಯಲ್ಲಿ ಹೇಳಿದರಂತೆ. ಆದರೂ ಊರಿಗೆ ಬಂದ ಮೇಲೆ ಆಕಾಶದಲ್ಲಿ ಸದ್ದಾದರೆ ಸಾಕು, ಊಟ ಬಿಟ್ಟು ಎಂಜಲುಗೈಯಲ್ಲೇ ಮಾಳಿಗೆ ಹತ್ತಿ, ಒಣಹಾಕಿದ ಮೆಣಸಿನಕಾಯಿ ತುಳಿಯುತ್ತ ಅತ್ತಿಂದಿತ್ತ ಓಡಾಡುತ್ತಿದ್ದ.

"ಕುಂದರ್ರಿ, ಉಣ್ಣೂದು ಬಿಟ್ಟು ಎಲ್ಲಿ ಓಡ್ತೀರಿ?" ಎಂದು ಅಜ್ಜಿ ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ವಿಮಾನವೊಂದು ಬಹಳ ಕೆಳಗೆ ಹಾರಿಬಂತು. "ಇಂಜಿನ್ ಸಪ್ಪಳ ಸರಿ ಇಲ್ಲ! ತಿರುಗೋ ತಮ್ಮಾ, ತಿರುಗು!" ಎಂದು ಅಜ್ಜ ಚೀರತೊಡಗಿದ. ಅವನ ಹಿಂದೆಯೇ ಮಾಳಿಗೆ ಹತ್ತಿದ್ದ ನಾನು ಆಗಿನ್ನೂ ಚಿಕ್ಕ ಮಗು, ಹೆದರಿ ಅತ್ತುಬಿಟ್ಟೆ. ಅಜ್ಜಿ ಮೇಲೆ ಬಂದಳು. ಅಂದು ಬೈಯಲಿಲ್ಲ. ಅವನ ಕೈ ಹಿಡಿದು, "ಸಪ್ಪಳ ಸರಿ ಐತ್ರಿ. ನಾನೂ ಕೇಳಾಕತ್ತೇನಿ" ಎಂದಳು. ಸದ್ದು ಪೂರ್ತಿ ಕರಗುವವರೆಗೆ ಇಬ್ಬರೂ ಹಾಗೆಯೇ ನಿಂತರು.

ಮುಂದೆ ಯಾವ ವಿಮಾನ ಬಂದರೂ ಮೊದಲು ಮೆಟ್ಟಿಲು ಹತ್ತುತ್ತಿದ್ದವಳು ಅಜ್ಜಿಯೇ. "ಲಗೂ ಬರ್ರಿ, ಹೊಂಟೈತಿ" ಎಂದು ಅವನನ್ನು ಕರೆಯುತ್ತಿದ್ದಳು.

ಮ್ಯೂಸಿಯಂ ಮುಚ್ಚುವ ಹೊತ್ತಾಯಿತೆಂದು ಕಾವಲುಗಾರ ಹೇಳಿದ. ನಾನು ಇನ್ನೂ ಆ ಇಂಜಿನ್ನಿಗೆ ಕಿವಿಗೊಟ್ಟು ನಿಂತಿದ್ದೆ.