ರಾಜನ ಮಗಳಲ್ಲ

ನನ್ನ ಕಾದಂಬರಿಯ ಹುಡುಗಿಗೆ ಒಬ್ಬ ರಾಜ ಅಪ್ಪನಾಗಿ ಬೇಕು ಎಂದು ಬೆಂಗಳೂರಿನ ಪ್ರಕಾಶಕರು ಫೋನ್ ಮಾಡಿದಾಗ ನಾನು ಸವದತ್ತಿಯ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದೆ.

ನಾನು ಬಸ್ ಕಂಡಕ್ಟರ್. ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗಿ ಬರುವ ಗಾಡಿ. ಹುಣ್ಣಿಮೆ ಬಂತೆಂದರೆ ಉಗರಗೋಳದ ದೇವಿಯ ಗುಡ್ಡಕ್ಕೆ ಹೋಗುವ ಮಂದಿಯ ಭಂಡಾರದ ಅರಿಸಿನ ನನ್ನ ಖಾಕಿಗೂ ಹತ್ತುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಗಾಡಿ ನಿಂತ ಹೊತ್ತಿನಲ್ಲಿ ಮೊಬೈಲಿನಲ್ಲೇ ಟೈಪ್ ಮಾಡಿ ಮಾಡಿ, ಹರೆಯಕ್ಕೆ ಬಂದ ಮಕ್ಕಳಿಗೆಂದು ಒಂದು ಮಾಯಾಲೋಕದ ಕಥೆ ಬರೆದಿದ್ದೆ. ಅದರ ನಾಯಕಿ ಹಲಗಿ ಬಾರಿಸುವವರ ಮಗಳು. ಕೋಟೆಯೊಳಗೆ ಅವಳು ಕಾಲಿಡುವಂತಿಲ್ಲ. ಆದರೆ ಅವಳು ಹಲಗಿಯನ್ನು ಬೆಂಕಿಗೆ ಕಾಸಿ ಬಾರಿಸಿದರೆ ಬತ್ತಿದ ಹೊಳೆ ಎದ್ದು ಹರಿಯುತ್ತದೆ, ಬಾಗಿಲ ಕಾಯುವ ಕಲ್ಲಿನ ಆನೆಗಳು ಕಣ್ಣು ಬಿಡುತ್ತವೆ. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ. ಅದಕ್ಕಾಗಿ ನಾನು ಬಹಳ ದೂರ ಹುಡುಕಿಕೊಂಡು ಹೋಗಬೇಕಾಗಲಿಲ್ಲ.

ಕೋಟೆಯನ್ನು ಮಾತ್ರ ಕಿತ್ತೂರಿನಿಂದ ತಂದೆ. ಚಿಕ್ಕವಳಿದ್ದಾಗ ಶಾಲೆಯವರು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದರು. ಮಾಸ್ತರರು ಬಿದ್ದ ಗೋಡೆಗಳ ನಡುವೆ ನಿಂತು, ಇಲ್ಲಿ ದರ್ಬಾರು, ಇಲ್ಲಿ ಅಡುಗೆ ಮನೆ, ಇಲ್ಲಿ ಸ್ನಾನದ ಮನೆ ಎಂದು ತೋರಿಸುತ್ತಿದ್ದರು. ನಾನು, "ಸರ್, ಹಲಗಿ ಬಾರಸಾವ್ರು ಎಲ್ಲಿ ಇರ್ತಿದ್ರು?" ಎಂದು ಕೇಳಿದೆ. ಕೇಳಲೇಬೇಕಿತ್ತು, ನನ್ನಪ್ಪ ಅದನ್ನೇ ಬಾರಿಸುತ್ತಿದ್ದ. ಮಾಸ್ತರರು ಕೋಟೆಯ ಆಚೆ ಕೈ ತೋರಿಸಿ, "ಹೊರಗ" ಎಂದರು. ಅಂದಿನಿಂದ ನನ್ನ ತಲೆಯೊಳಗಿನ ಕಥೆಗಳೆಲ್ಲ ಆ ಹೊರಗಿನಿಂದಲೇ ಶುರುವಾಗುತ್ತವೆ.

ಪ್ರಕಾಶಕರು ಒಳ್ಳೆಯ ಮಾತಿನವರು. "ಮೇಡಂ, ಕಥೆ ತುಂಬಾ ಚೆನ್ನಾಗಿದೆ. ಕೊನೇಲಿ ಒಂದು ತಿರುವು ಬೇಕು ಅಷ್ಟೆ. ಈ ಹುಡುಗಿ ರಾಜನ ಕಳೆದುಹೋದ ಮಗಳು ಅಂತ ಗೊತ್ತಾಗಲಿ. ಭುಜದ ಮೇಲೆ ಒಂದು ಮಚ್ಚೆ ಇಟ್ಟರೆ ಆಯ್ತು. ಇಲ್ಲಾಂದ್ರೆ ಇಷ್ಟು ಶಕ್ತಿ ಅವಳಿಗೆ ಎಲ್ಲಿಂದ ಬಂತು ಅಂತ ಓದೋರು ಕೇಳ್ತಾರೆ."

"ಅವರವ್ವನಿಂದ ಬಂತ್ರಿ" ಎಂದೆ.

ಅವರು ನಕ್ಕರು. ತಿರುವು ಬರೆದು ಕಳಿಸಿದರೆ ಪುಸ್ತಕ ಮಾಡುವುದಾಗಿಯೂ ಇಲ್ಲದಿದ್ದರೆ ಕಷ್ಟವೆಂದೂ ಹೇಳಿ ಫೋನ್ ಇಟ್ಟರು. ಚಹಾ ಆರಿಹೋಗಿತ್ತು. ಆ ದಿನ ಗಾಡಿಯಲ್ಲಿ ಚಿಲ್ಲರೆ ಕೇಳಿದವರ ಮೇಲೆಲ್ಲ ರೇಗಿದೆ.

ಯಾಕೆಂದರೆ ಈ ಮಾತು ನನಗೆ ಹೊಸದಲ್ಲ. ಹತ್ತನೆಯ ತರಗತಿಯಲ್ಲಿ ನಾನು ಇಡೀ ಶಾಲೆಗೆ ಮೊದಲು ಬಂದಾಗ, ಅವ್ವ ಕೂಲಿಗೆ ಹೋಗುತ್ತಿದ್ದ ನಮ್ಮೂರು ಸಾಲಹಳ್ಳಿಯ ದೊಡ್ಡ ಮನೆಯ ಗೌಡಶಾನಿ ನಮ್ಮಿಬ್ಬರನ್ನೂ ಕರೆಸಿದ್ದರು. ಅಂಗಳದಲ್ಲಿ ನಿಲ್ಲಿಸಿ, ಮೇಲಿನಿಂದ ನನ್ನ ಅಂಗೈಗೆ ಪೇಢೆ ಹಾಕಿ, ಅವ್ವನಿಗೆ ಹೇಳಿದರು: "ಈಕಿ ಖರೇನ ನಿನ್ನ ಮಗಳೇನ? ನಮ್ಮಂಥಾರ ಮನ್ಯಾಗ ಹುಟ್ಟಬೇಕಾದ ಕೂಸು ಹಾದಿ ತಪ್ಪಿ ನಿನ್ನ ಮನಿಗೆ ಬಂದೈತಿ ನೋಡು."

ಅವರು ಹೊಗಳಿದ್ದೇ ನಿಜ. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಅಲ್ಲೇ ತಿರುಗಿ ಬೈಯಬಹುದಿತ್ತು. ಆಮೇಲೆ ಅದೇ ಮಾತನ್ನು ಕಾಲೇಜಿನಲ್ಲಿ ಕೇಳಿದೆ, ಡಿಪೋದಲ್ಲಿ ಕೇಳಿದೆ. "ನಿಮ್ಮನ್ನ ನೋಡಿದ್ರ ಹಂಗ ಅನಸೂದಿಲ್ಲ ಬಿಡ್ರಿ" ಎನ್ನುತ್ತಾರೆ, ಉಡುಗೊರೆ ಕೊಟ್ಟವರ ಹಾಗೆ ಮುಖ ಅರಳಿಸಿಕೊಂಡು. ನಾನು ಚೆನ್ನಾಗಿ ಏನಾದರೂ ಮಾಡಿದೆನೆಂದರೆ ಸಾಕು, ನನ್ನನ್ನು ನನ್ನವ್ವನಿಂದ ಕಿತ್ತು ಬೇರೆಯವರ ಮಡಿಲಿಗೆ ಹಾಕುತ್ತಾರೆ. ಮೈ ಉರಿಯುತ್ತದೆ.

ಅವ್ವ ಅಂದು ಗೌಡಶಾನಿಯ ಮುಂದೆ ನಕ್ಕಿದ್ದಳು. ಅವಳಿಗೆ ಖುಷಿಯಾಗಿದೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಆದರೂ ನನಗೆ ಪುಸ್ತಕ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು. ವಾರದ ರಜೆಗೆ ಸಾಲಹಳ್ಳಿಗೆ ಹೋದಾಗ ಅವ್ವನಿಗೆ ಎಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದಳು. ಕಥೆ ಅವಳಿಗೆ ಮೊದಲೇ ಗೊತ್ತು. ಹಲಗಿಯನ್ನು ಎಷ್ಟು ಕಾಸಬೇಕು, ಸುಡದ ಹಾಗೆ ಹೇಗೆ ತಿರುಗಿಸಬೇಕು ಎಂದು ಹೇಳಿಕೊಟ್ಟವಳೇ ಅವಳು. ಅಪ್ಪನ ಹಲಗಿಗೆ ಬೆಂಕಿ ಹಚ್ಚಿ ಕಾಸುತ್ತಿದ್ದುದೂ ಅವಳೇ.

"ಅಲ್ಲಬೇ, ಆ ಹುಡಿಗಿ ರಾಜನ ಮಗಳಾದ್ಲಂದ್ರ, ಆಕೀನ ಹಡದಾಕಿ ಏನಾಗಬೇಕು?" ಎಂದು ಅವ್ವ ಕೇಳಿದಳು.

"ಸಾಕಿದಾಕಿ ಆಗ್ತಾಳ ಯವ್ವಾ" ಎಂದೆ.

ಅವ್ವನ ಕೈ ನಿಂತಿತು. "ಎರಡ ದಿನಾ ಬ್ಯಾನಿ ತಿಂದು ಹಡದೇನಿ ನಿನ್ನ. ಅವತ್ತ ಗೌಡಶಾನ್ಯಾರ ಮುಂದ ಅಷ್ಟ ಹೇಳಬೇಕಂತ ಬಾಯಿತನಕ ಬಂತು. ಮರುದಿನಾ ಅವರ ಹೊಲಕ್ಕ ಹೋಗಬೇಕಿತ್ತಲ್ಲ, ನಕ್ಕು ನುಂಗಿದ್ನಿ. ನಿನ್ನ ಕತಿಯಾಗರ ಆ ಹಡದಾಕಿ ಹೇಳ್ಲಿ."

ತಿರುವು ಬರೆದೆ. ರಾಜ ಕುದುರೆಯಿಂದ ಇಳಿದು ಬರುತ್ತಾನೆ, ಹುಡುಗಿಯ ಭುಜದ ಮಚ್ಚೆ ನೋಡಿ ಮಗಳೇ ಎಂದು ಕೈ ಚಾಚುತ್ತಾನೆ. ಅವಳ ತಾಯಿ ಬೆಂಕಿಯ ಮುಂದೆ ಕುಳಿತಲ್ಲಿಂದ ಏಳುವುದಿಲ್ಲ. ಹಲಗಿ ಕಾಸುತ್ತಲೇ ಹೇಳುತ್ತಾಳೆ: "ಎರಡು ದಿನ ನೋವು ತಿಂದು ಹೆತ್ತಿದ್ದೇನೆ. ನಿನ್ನ ಮಗಳನ್ನು ಬೇರೆ ಕಡೆ ಹುಡುಕಿಕೋ."

ಪ್ರಕಾಶಕರು ಓದಿ ಫೋನ್ ಮಾಡಿದರು. "ರಾಜನಿಗೆ ಅವಮಾನ ಆಯ್ತಲ್ಲ ಮೇಡಂ?"

"ಆಗ್ಲಿ ಬಿಡ್ರಿ" ಎಂದೆ.

ಅವರು ಪುಸ್ತಕ ಮಾಡಲಿಲ್ಲ. ಬಹಳ ದಿನ ಯಾರೂ ಮಾಡಲಿಲ್ಲ. ಕೊನೆಗೆ ಧಾರವಾಡದ ಒಬ್ಬ ಸಣ್ಣ ಪ್ರಕಾಶಕರು ಒಂದಕ್ಷರ ಬದಲಿಸದೆ ಅಚ್ಚು ಹಾಕಿದರು.

ಮೊದಲ ಪ್ರತಿ ಹಿಡಿದುಕೊಂಡು ಸಾಲಹಳ್ಳಿಗೆ ಹೋದೆ. ಅವ್ವನಿಗೆ ಓದಲು ಬರುವುದಿಲ್ಲ. ಪಕ್ಕದಲ್ಲಿ ಕುಳಿತು ಆ ಪುಟ ಓದಿದೆ. ಅವಳು ಹಾಳೆಯ ಮೇಲೆ ಬೆರಳಿಟ್ಟು, "ಎಲ್ಲೈತಿ ಅದು?" ಎಂದಳು. ತೋರಿಸಿದೆ. ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.

"ಇನ್ನೊಮ್ಮೆ ಓದು" ಎಂದಳು. "ಜೋರಲೆ ಓದು. ದೊಡ್ಡ ಮನಿತನಕ ಕೇಳಬೇಕು."

ನಿಲ್ದಾಣಗಳಲ್ಲಿ ಊರುಗಳ ಹೆಸರು ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಎದ್ದು ಹೊಸ್ತಿಲ ಮೇಲೆ ನಿಂತು, ದೊಡ್ಡ ಮನೆಯ ಕಡೆ ಮುಖ ಮಾಡಿ ಓದಿದೆ.