ಸುಮ್ಮನೆ ಎಂಬ ಊರು

ಚಂದ್ರಪ್ರಭಾಳ ಕೆಲಸ ಬೇರೆಯವರ ಪ್ರವಾಸಕ್ಕೆ ಯೋಜನೆ ಬರೆಯುವುದು. ಬಾರಾಖಂಬಾ ರಸ್ತೆಯ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಸಭರವಾಲ್ ಸಾಹೇಬರ ಟ್ರಾವೆಲ್ ಆಫೀಸು. ಅಲ್ಲಿ ಕೂತು, ಮುಖ ಕಂಡರಿಯದ ಪರದೇಶದವರು ಯಾವ ಬೆಳಿಗ್ಗೆ ಯಾವ ಊರಲ್ಲಿ ಏಳಬೇಕು, ಯಾವ ರೈಲು ಹತ್ತಬೇಕು, ತಾಜಮಹಲಿನ ಮುಂದೆ ಎಷ್ಟು ಹೊತ್ತು ಬಾಯಿ ಬಿಟ್ಟುಕೊಂಡು ನಿಲ್ಲಬೇಕು ಎಂಬುದನ್ನೆಲ್ಲ ಅವಳು ನಿರ್ಧರಿಸುತ್ತಿದ್ದಳು. ಅವಳ ಸ್ವಂತ ಪ್ರವಾಸ ಮಾತ್ರ ದ್ವಾರಕಾದ ಮನೆಯಿಂದ ಆಫೀಸಿಗೆ, ಆಫೀಸಿನಿಂದ ದ್ವಾರಕಾಕ್ಕೆ. ಹೊಸ ಮೆಟ್ರೋ ಬಂದು ವರ್ಷ ಕಳೆದಿತ್ತು. ಅಷ್ಟರಮಟ್ಟಿಗೆ ಅವಳ ಪ್ರವಾಸವೂ ಸುಧಾರಿಸಿತ್ತು.

ಈ ಕುರ್ಚಿ ಅವಳಿಗೆ ಸುಲಭವಾಗಿ ಸಿಕ್ಕಿದ್ದಲ್ಲ. ಮೂಡಬಿದಿರೆಯಿಂದ ಮದುವೆಯಾಗಿ ದೆಹಲಿಗೆ ಬಂದವಳು ಹನ್ನೊಂದು ವರ್ಷ ಇದೇ ಆಫೀಸಿನ ಪರವಾಗಿ ರೈಲ್ವೆ ರಿಸರ್ವೇಷನ್ನಿನ ಸಾಲಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡಿದ್ದಳು. ಯೋಜನೆ ಬರೆಯುವವನು ಬೇರೆ ಕಂಪನಿಗೆ ಹಾರಿದಾಗ ಸಾಹೇಬರು ಅವಳನ್ನು ತಾತ್ಕಾಲಿಕವಾಗಿ ಅಲ್ಲಿ ಕೂರಿಸಿದರು. ಆ ತಾತ್ಕಾಲಿಕಕ್ಕೆ ಈಗ ಎರಡು ವರ್ಷ. ಕಾಯಂ ಮಾಡಿ ಎಂದು ಕೇಳಿದಾಗಲೆಲ್ಲ ಸಾಹೇಬರದು ಒಂದೇ ತಕರಾರು: ನಿಮ್ಮ ಯೋಜನೆಗಳು ತೀರಾ ತೆಳು, ಪ್ರಭಾ ಜೀ, ಅದರಲ್ಲಿ ಊರುಗಳೇ ಇರುವುದಿಲ್ಲ.

ಊರುಗಳು ಕಡಿಮೆ ಇರುತ್ತಿದ್ದುದು ನಿಜ. ಅದಕ್ಕೆ ಕಾರಣ ಅವಳ ಅಮ್ಮ. ಪದ್ಮಾವತಮ್ಮ ಅರವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಘಟ್ಟ ಹತ್ತಿ, ಉತ್ತರದ ಕ್ಷೇತ್ರಗಳನ್ನೆಲ್ಲ ತೋರಿಸುವ ಯಾತ್ರೆಯ ಬಸ್ಸಿನಲ್ಲಿ ಬಂದಿದ್ದರು. ಹದಿನೆಂಟು ದಿನ, ನಲವತ್ತೊಂದು ಸ್ಥಳ. ಬಸ್ಸು ದೆಹಲಿಯಲ್ಲಿ ಒಂದು ರಾತ್ರಿ ತಂಗಿದಾಗ ಚಂದ್ರಪ್ರಭಾ ಧರ್ಮಶಾಲೆಗೆ ಓಡಿ ಹೋದಳು. ಅಮ್ಮ ಚಪ್ಪಲಿ ಕೂಡ ಬಿಚ್ಚದೆ ಗೋಡೆಗೊರಗಿ ಕೂತಲ್ಲೇ ತೂಕಡಿಸುತ್ತಿದ್ದರು. ಏನೆಲ್ಲ ನೋಡಿದಿರಿ ಎಂದು ಮಗಳು ಆಸೆಯಿಂದ ಕೇಳಿದಳು.

"ಬಸ್ಸು ನೋಡಿದೆ ಮಗಾ," ಎಂದರು ಪದ್ಮಾವತಮ್ಮ. "ಮುಂದಿನ ಸೀಟಿನ ಬೆನ್ನು ನೋಡಿದೆ. ಅದರ ಮೇಲೆ ಒಂದು ಕೆಂಪು ಹೂವಿನ ಚಿತ್ರ ಉಂಟು."

ಅಮ್ಮ ತಮಾಷೆಗೆ ಹೇಳಿದ್ದಲ್ಲ. ಆ ಮಾತು ಚಂದ್ರಪ್ರಭಾಳ ಬೆನ್ನು ಬಿಡಲಿಲ್ಲ. ತನ್ನ ಕೈಯಿಂದ ಬರೆಸಿಕೊಂಡು ಹೋಗುವ ಯಾರೂ ಸೀಟಿನ ಬೆನ್ನು ನೋಡಿಕೊಂಡು ಊರಿಗೆ ಮರಳಬಾರದು ಎಂದು ಅವಳು ಹಠ ಹಿಡಿದಳು. ವಿಮಾನ ಇಳಿದವರನ್ನು ಮರುದಿನವೇ ಕೋಟೆ ಹತ್ತಿಸಬಾರದು; ಮೊದಲು ಅವರ ನಿದ್ದೆ ಈ ದೇಶಕ್ಕೆ ಬಂದು ಸೇರಬೇಕು. ಎರಡು ದೊಡ್ಡ ಊರುಗಳ ನಡುವೆ ಮೈ ಕೊಡವಿಕೊಳ್ಳುವುದಕ್ಕೆ ಒಂದು ದಿನ ಬೇಕು. ಹೊಟ್ಟೆ ಕೆಡುವುದಕ್ಕೂ ಒಂದು ದಿನ ಎತ್ತಿಡಬೇಕು, ಏಕೆಂದರೆ ಮೊದಲ ಸಲ ಬಂದವರ ಹೊಟ್ಟೆ ಕೆಟ್ಟೇ ಕೆಡುತ್ತದೆ. ಇದನ್ನೆಲ್ಲ ಅವಳು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಆದರೆ ಖಾಲಿ ದಿನ ಕಂಡರೆ ಸಭರವಾಲ್ ಸಾಹೇಬರಿಗೆ ಮೈಯೆಲ್ಲ ತುರಿಕೆ. 'ವಿಶ್ರಾಂತಿ' ಎಂದು ಬರೆದ ಕಡೆಯೆಲ್ಲ ಕೆಂಪು ಪೆನ್ನಿನಿಂದ ಹೊಡೆದು, ಬೆಳಿಗ್ಗೆ ರತ್ನಗಂಬಳಿ ಅಂಗಡಿ, ಮಧ್ಯಾಹ್ನ ಅಮೃತಶಿಲೆಯ ಕಾರ್ಖಾನೆ ಎಂದು ತುಂಬಿಬಿಡುತ್ತಿದ್ದರು. ಮನುಷ್ಯ ಕೆಟ್ಟವರಲ್ಲ. ಹಿಂದೂಸ್ತಾನದ ನಕಾಶೆ ತಮ್ಮ ಅಂಗೈಯಲ್ಲಿದೆ ಎಂಬ ಒಂದು ಹೆಮ್ಮೆ ಮಾತ್ರ ಅವರಿಗೆ ವಿಪರೀತವಾಗಿತ್ತು. ಯಾವ ಊರಿನ ಹೆಸರು ಹೇಳಿದರೂ ಅಲ್ಲಿ ತಾವು ಚಹಾ ಕುಡಿದ ಕತೆಯೊಂದು ಅವರ ಬಳಿ ಇರುತ್ತಿತ್ತು.

ಎರಡು ಸಾವಿರದ ಏಳರ ಜನವರಿಯಲ್ಲಿ ಹಾಲೆಂಡಿನಿಂದ ಒಂದು ಪತ್ರ ಬಂತು. ಹೆಂಡ್ರಿಕ್ ಎಂಬುವರು ರಾಟರ್‌ಡ್ಯಾಮಿನಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು, ಹೆಂಡತಿ ವಿಲ್ಮಾ. ಇಬ್ಬರಿಗೂ ಇದು ಭಾರತದ ಮೊದಲ ಪ್ರವಾಸ. ಹದಿನಾರು ದಿನಗಳಲ್ಲಿ ದೆಹಲಿ, ಆಗ್ರಾ, ಜೈಪುರ, ಜೋಧಪುರ, ಜೈಸಲ್ಮೇರ್, ಉದಯಪುರ, ಖಜುರಾಹೋ, ಕಾಶಿ ನೋಡಬೇಕು, ಸಮಯ ಉಳಿದರೆ ಗೋವಾ. ಆ 'ಸಮಯ ಉಳಿದರೆ' ಓದಿ ಚಂದ್ರಪ್ರಭಾಗೆ ನಗು ಬಂತು, ಕನಿಕರವೂ ಆಯಿತು. ತನ್ನ ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ದೆಹಲಿ, ಆಗ್ರಾ, ಜೈಪುರ, ಉದಯಪುರ ನಾಲ್ಕನ್ನೇ ಉಳಿಸಿಕೊಂಡಳು. ಎರಡನೆಯ ದಿನ, ಏಳನೆಯ ದಿನ, ಹನ್ನೆರಡನೆಯ ದಿನದ ಮುಂದೆ ವಾಡಿಕೆಯಂತೆ ಕನ್ನಡದಲ್ಲಿ 'ಸುಮ್ಮನೆ' ಎಂದು ಬರೆದಳು. ಕಂಪ್ಯೂಟರಿನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡುವಾಗಲೂ ಸದ್ಯಕ್ಕೆ ಅದೇ ಇರಲಿ, ಕೊನೆಗೆ ಬದಲಾಯಿಸೋಣ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ 'ಸುಮ್ಮನೆ' ಎಂದೇ ಒತ್ತಿದಳು.

ಬದಲಾಯಿಸುವ ಮೊದಲೇ ಸಾಹೇಬರು ಬಂದು ಪ್ರಿಂಟ್ ಎಳೆದುಕೊಂಡು ಹೋದರು.

ಅವಳು ಹಿಂದೆಯೇ ಹೋಗಿ ಅವರ ಮೇಜಿನ ಮುಂದೆ ನಿಂತಳು. ಕೆಂಪು ಪೆನ್ನು ಎರಡನೆಯ ದಿನದ ಮೇಲೆ ಬಂದು ನಿಂತಿತು. ಸಾಹೇಬರ ಹುಬ್ಬು ಒಂದಿಷ್ಟು ಗಂಟಿಕ್ಕಿತು. ಇದು ಯಾವ ಊರು ಎಂದು ಅವರು ಕೇಳಬೇಕಿತ್ತು. ಆದರೆ ಹಾಗೆ ಕೇಳಿದರೆ ಅಂಗೈಯಲ್ಲಿನ ನಕಾಶೆ ಏನಾಗಬೇಕು? ಅವರು ಗಂಟಲು ಸರಿಪಡಿಸಿಕೊಂಡು, "ಅಚ್ಛಾ, ಸುಮ್ಮಾನೆ! ಒಳ್ಳೆ ಜಾಗ," ಎಂದರು. ಪಕ್ಕದಲ್ಲಿ 'ಎ.ಸಿ. ಕಾರು' ಎಂದು ಬರೆದು, ಕೆಳಗೆ ಸಹಿ ಜಡಿದರು.

ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಮೂರೂ ದಿನ ರತ್ನಗಂಬಳಿ ಅಂಗಡಿಯ ಪಾಲು. ಚಂದ್ರಪ್ರಭಾ ಬಾಯಿ ಮುಚ್ಚಿಕೊಂಡಳು. ಯೋಜನೆ ಹಾಗೆಯೇ ಹಾಲೆಂಡಿಗೆ ಹೋಯಿತು. ಹೊರಡುವಾಗ ಸಾಹೇಬರು ಕರೆದು, ಇದು ನಿಮ್ಮ ಪರೀಕ್ಷೆ ಎಂದೇ ತಿಳಿಯಿರಿ ಎಂದರು. ಈ ಇಬ್ಬರು ಖುಷಿಯಾಗಿ ಹೋದರೆ ಕುರ್ಚಿ ಕಾಯಂ. ಒಂದೇ ಒಂದು ದೂರು ಬಂದರೂ ಮತ್ತೆ ರಿಸರ್ವೇಷನ್ ಸಾಲು. ಸಂಜೆ ಮನೆಯಲ್ಲಿ ಕತೆ ಕೇಳಿ, ಕಾಲೇಜಿಗೆ ಹೋಗುವ ಮಗಳು ಧಾರಿಣಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

"ಅಮ್ಮ, ಅವರು ಸಚ್‌ಮುಚ್ ಬಂದು ಸುಮ್ಮನೆ ಎಲ್ಲಿದೆ ಅಂದ್ರೆ ಏನ್ಮಾಡ್ತೀ? ತೂ ತೋ ಗಯೀ, ನಿನ್ನ ಕತೆ ಮುಗೀತು."

ಚಂದ್ರಪ್ರಭಾಗೆ ನಗು ಬರಲಿಲ್ಲ. ಊದಿದ ಕಾಲಿನ ನೆನಪು ಅವಳಿಗೆ ಚೆನ್ನಾಗಿಯೇ ಇತ್ತು.

ಫೆಬ್ರವರಿಯ ಒಂದು ಭಾನುವಾರ, ಅತಿಥಿಗಳ ಎರಡನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಅವಳ ಮೊಬೈಲು ಬಡಿದುಕೊಂಡಿತು. ಆಚೆ ಡ್ರೈವರ್ ಬಲಬೀರ್. ಮೇಡಂ, ಈ ಸುಮ್ಮಾನೆ ಯಾವ ದಿಕ್ಕಿಗೆ ಎಂದು ಅಳುದನಿಯಲ್ಲಿ ಕೇಳಿದ. ಅತಿಥಿಗಳು ಟೋಪಿ ಹಾಕಿಕೊಂಡು ಕರೋಲ್‌ಬಾಗಿನ ಹೋಟೆಲಿನ ಬಾಗಿಲಲ್ಲಿ ನಿಂತಿದ್ದಾರೆ. ತಾನು ಮೂರು ಪೆಟ್ರೋಲ್ ಪಂಪಿನಲ್ಲಿ ವಿಚಾರಿಸಿಯಾಯಿತು. ಒಬ್ಬ ಸೋನಿಪತ್ ದಾಟಿ ಎಡಕ್ಕೆ ಅಂದ, ಇನ್ನೊಬ್ಬ ಫರೀದಾಬಾದಿನ ಫ್ಯಾಕ್ಟರಿಗಳ ಹಿಂದೆ ಅಂದ. ಸಾಹೇಬರಿಗೆ ಫೋನ್ ಮಾಡಲೇ?

ಬೇಡವೇ ಬೇಡ ಎಂದಳು. ಕಾರು ಅಲ್ಲೇ ಇರಲಿ, ಅವರನ್ನು ಲಾಬಿಯಲ್ಲಿ ಕೂರಿಸು, ನಾನೇ ಬರುತ್ತೇನೆ.

ಮೆಟ್ರೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಅವಳು ಸುಳ್ಳು ಹುಡುಕಿದಳು. ರಸ್ತೆ ಕೆಟ್ಟಿದೆ ಎನ್ನಲೇ, ಅಲ್ಲಿ ಬಂದ್ ಇದೆ ಎನ್ನಲೇ? ಯಾವ ಸುಳ್ಳೂ ಏಳನೆಯ ದಿನದವರೆಗೆ ಬಾಳುವಂಥದ್ದಾಗಿರಲಿಲ್ಲ. ಹೋಟೆಲಿನಲ್ಲಿ ಆರಡಿಯ ಹೆಂಡ್ರಿಕ್ ಮತ್ತು ಬಿಳಿಗೂದಲಿನ ವಿಲ್ಮಾ ಎದ್ದು ನಿಂತು ಕೈ ಕುಲುಕಿದರು. ಇಬ್ಬರ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. ಸುಮ್ಮನೆಗೆ ರೈಲಿನಲ್ಲಿ ಹೋಗೋಣ ಎಂದು ಅವಳ ಬಾಯಿಂದ ತಾನಾಗಿ ಹೊರಟುಬಿಟ್ಟಿತು. ರೈಲು ಎಂದ ಕೂಡಲೇ ಹೆಂಡ್ರಿಕ್‌ರ ಮುಖ ಅರಳಿತು. ಮೆಟ್ರೋ ಬಂದಾಗ ಅವರು ಸೀಟು ಬಿಟ್ಟು ಮುಂದಿನ ಡಬ್ಬಿಗೆ ಹೋಗಿ, ಚಾಲಕನ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ, ಬ್ರೇಕ್ ಹಿಡಿದಾಗಲೆಲ್ಲ ಭೇಷ್ ಎನ್ನುವಂತೆ ತಲೆದೂಗಿದರು.

ದ್ವಾರಕಾದಲ್ಲಿ ಅವಳ ಮನೆಯಿದ್ದ ಹೌಸಿಂಗ್ ಸೊಸೈಟಿಯ ಹುಲ್ಲುಹಾಸಿನ ಮೇಲೆ ಚಳಿಗಾಲದ ಬಿಸಿಲು ಬಿದ್ದಿತ್ತು. ಭಾನುವಾರವೆಂದರೆ ಅಲ್ಲಿ ಅರ್ಧ ಸೊಸೈಟಿ ಚಾಪೆ, ಕುರ್ಚಿ ಹೊತ್ತು ತಂದು ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತದೆ. ಪಕ್ಕದ ಬ್ಲಾಕಿನ ಶಾರದಮ್ಮ ಹಸಿ ಬಟಾಣಿಯ ರಾಶಿ ಸುರಿದುಕೊಂಡು ಸುಲಿಯುತ್ತಿದ್ದರು. ಯಾರು, ಎತ್ತ ಎಂದು ಕೇಳದೆ ವಿಲ್ಮಾಳ ಮಡಿಲಿಗೂ ಎರಡು ಹಿಡಿ ಸುರಿದರು. ಧಾರಿಣಿ ಹುರಿದ ಕಡಲೆಕಾಯಿ, ಶುಂಠಿ ಚಹಾ ತಂದಿಟ್ಟಳು. ಒಂದು ಗಂಟೆ ಕಳೆಯಿತು, ಎರಡೂ ಕಳೆಯಿತು. ವಿಲ್ಮಾ ಚಾಪೆಯ ಮೇಲೆ ಬಾಯಿ ತೆರೆದುಕೊಂಡು ನಿದ್ದೆ ಹೋದಳು. ಶಾರದಮ್ಮ ಅವಳಿಗೆ ತಮ್ಮ ಶಾಲು ಹೊದಿಸಿದರು. ಆಗ ಹೆಂಡ್ರಿಕ್ ಗಡಿಯಾರ ನೋಡಿ, ಸುಮ್ಮನೆಗೆ ಇಲ್ಲಿಂದ ಯಾವಾಗ ಹೊರಡುವುದು ಎಂದು ಕೇಳಿದರು.

ಚಂದ್ರಪ್ರಭಾ ಕಡಲೆ ಸಿಪ್ಪೆ ಕೊಡವಿ ನೆಟ್ಟಗೆ ಕೂತಳು.

"ಅದು ಊರಲ್ಲ," ಎಂದಳು. "ನಮ್ಮ ಭಾಷೆಯ ಒಂದು ಮಾತು. ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, ಕೆಲಸವೇನೂ ಇಲ್ಲದಿದ್ದರೆ, ಸುಮ್ಮನೆ ಬಂದೆವು ಅನ್ನುತ್ತೇವೆ. ನೀವು ಈಗ ಅಲ್ಲೇ ಇದ್ದೀರಿ."

ಹೆಂಡ್ರಿಕ್ ಮಲಗಿದ ಹೆಂಡತಿಯನ್ನು ನೋಡಿದರು, ಬಟಾಣಿಯ ರಾಶಿ ನೋಡಿದರು. ರಿಸರ್ವೇಷನ್ ಸಾಲು ಚಂದ್ರಪ್ರಭಾಳ ಕಣ್ಣ ಮುಂದೆ ಬಂದು ನಿಂತಿತು. ಕೊನೆಗೆ ಅವರು ನಿಧಾನವಾಗಿ ಮಾತಾಡಿದರು.

"ಮೂವತ್ತೆಂಟು ವರ್ಷ ಟ್ರಾಮ್ ಓಡಿಸಿದೆ. ಕೊನೆಯ ನಿಲ್ದಾಣದಲ್ಲಿ ಪ್ರತಿ ಸಲ ಏಳು ನಿಮಿಷ ಸುಮ್ಮನೆ ನಿಲ್ಲಿಸುತ್ತಿದ್ದೆವು. ಜನ ನಮ್ಮನ್ನು ಸೋಮಾರಿಗಳೆಂದು ಬೈಯುತ್ತಿದ್ದರು. ಆ ಏಳು ನಿಮಿಷ ತೆಗೆದರೆ, ಸಂಜೆಯ ಹೊತ್ತಿಗೆ ಇಡೀ ಊರಿನ ಟ್ರಾಮುಗಳು ತಡ." ಅವಳ ಕಡೆ ತಿರುಗಿ, "ಇದನ್ನು ತಿಳಿದ ಇನ್ನೊಬ್ಬರನ್ನು ಇವತ್ತು ನೋಡಿದೆ," ಎಂದರು.

ಚಂದ್ರಪ್ರಭಾಳ ಕಣ್ಣು ತುಂಬಿ ಬಂತು. ಇಂಥ ಮಾತಿಗೆ ಅವಳು ಎರಡು ವರ್ಷ ಕಾದಿದ್ದಳು, ಅದು ಬಂದದ್ದು ರಾಟರ್‌ಡ್ಯಾಮಿನಿಂದ.

ಮುಂದಿನದು ಹೂ ಎತ್ತಿದಷ್ಟು ಸಲೀಸಾಯಿತು. ಆಗ್ರಾದಲ್ಲಿ ಅವರು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ತಾಜಮಹಲ್ ನೋಡಿದರು. ಜೈಪುರದಲ್ಲಿ ವಿಲ್ಮಾಳ ಹೊಟ್ಟೆ ಸರಿಯಾಗಿ ಏಳನೆಯ ದಿನವೇ ಕೆಟ್ಟಿತು. ಇಡೀ ದಿನ ಮಜ್ಜಿಗೆ ಅನ್ನ ತಿಂದು ಮಲಗಿದಳು, ಮರುದಿನ ಕೋಟೆ ಹತ್ತಿದಳು. ಒಂದು ರೈಲೂ ತಪ್ಪಲಿಲ್ಲ, ಒಂದು ಟಿಕೆಟ್ಟೂ ಹಾಳಾಗಲಿಲ್ಲ. ಉದಯಪುರದ ಕೆರೆಯ ಮೆಟ್ಟಿಲ ಮೇಲೆ ಹನ್ನೆರಡನೆಯ ದಿನವಿಡೀ ಕಾಲು ಇಳಿಬಿಟ್ಟು ಕೂತಿದ್ದೇವೆ ಎಂದು ಹೆಂಡ್ರಿಕ್ ಫೋನ್ ಮಾಡಿ ಹೇಳಿದರು.

ಊರಿಗೆ ಹೊರಡುವ ದಿನ ದಂಪತಿ ಆಫೀಸಿಗೆ ಬಂದರು. ಸಭರವಾಲ್ ಸಾಹೇಬರು ಟೈ ಸರಿಪಡಿಸಿಕೊಂಡು ಸ್ವಾಗತಿಸಿ, ಯಾವುದು ಎಲ್ಲಕ್ಕಿಂತ ಹಿಡಿಸಿತು ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಸುಮ್ಮನೆ ಎಂದರು.

ಸಾಹೇಬರು ಉಬ್ಬಿಹೋದರು. "ಎಲ್ಲರನ್ನೂ ನಾನು ಅಲ್ಲಿಗೆ ಕಳಿಸುವುದಿಲ್ಲ. ನಾನೇ ನಾಲ್ಕು ಸಲ ಹೋಗಿದ್ದೇನೆ."

ವಿಲ್ಮಾ ಗಂಡನ ಮುಖ ನೋಡಿದಳು. ಹೆಂಡ್ರಿಕ್ ಚಂದ್ರಪ್ರಭಾಳ ಮುಖ ನೋಡಿದರು. ಅವಳು ನೆಲ ನೋಡಿದಳು. ಇಷ್ಟು ಕೆಲಸದ ನಡುವೆ ನಾಲ್ಕು ಸಲವೇ, ನೀವು ಅದೃಷ್ಟವಂತರು ಎಂದು ವಿಲ್ಮಾ ಗಂಭೀರವಾಗಿಯೇ ಹೇಳಿದಳು. ಆಮೇಲೆ ಹೆಂಡ್ರಿಕ್ ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಡಿಪೋದ ನಿವೃತ್ತ ಗೆಳೆಯರು ಹನ್ನೆರಡು ಜನ, ಹೆಂಡತಿಯರ ಸಮೇತ, ಮುಂದಿನ ಚಳಿಗಾಲದಲ್ಲಿ ಬರುತ್ತಾರೆ. ಎಲ್ಲರಿಗೂ ಇದು ಮೊದಲ ಸಲ. ಯೋಜನೆ ಚಂದ್ರಪ್ರಭಾಳೇ ಬರೆಯಬೇಕು, ಅದರಲ್ಲಿ ಸುಮ್ಮನೆ ಮೂರು ಸಲ ಇರಬೇಕು, ಅದನ್ನು ಯಾರೂ ಮುಟ್ಟಬಾರದು.

ಸಾಹೇಬರು ಅವರೆದುರೇ ಎದ್ದು ನಿಂತು, ಪ್ರಭಾ ಜೀ ಇವತ್ತಿನಿಂದ ನಮ್ಮ ಕಾಯಂ ಪ್ಲಾನರ್ ಎಂದು ಸಾರಿದರು. ಚಂದ್ರಪ್ರಭಾ ತನ್ನ ಕುರ್ಚಿಗೆ ಹೋಗಿ, ಮೊದಲ ಬಾರಿಗೆ ಬೆನ್ನು ಪೂರ್ತಿ ಒರಗಿಸಿ ಕೂತಳು. ಗೆದ್ದೆ ಎಂದುಕೊಂಡಳು, ಅಮ್ಮನಿಗೂ ಸೇರಿಸಿ ಗೆದ್ದೆ.

ಅತಿಥಿಗಳನ್ನು ಲಿಫ್ಟಿನವರೆಗೆ ಬಿಟ್ಟು ಬಂದ ಸಾಹೇಬರು ಅವಳ ಮೇಜಿನ ಬಳಿ ಸುಳಿದಾಡಿದರು. ಪೆನ್ನು ಎತ್ತಿದರು, ಇಟ್ಟರು. ಕೊನೆಗೆ ಯಾರಿಗೂ ಕೇಳದಂತೆ ಬಗ್ಗಿ, ಈ ಸುಮ್ಮಾನೆ ಎಲ್ಲಿದೆ ಎಂದರು. ಮೂವತ್ತು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲಿರಬೇಕು.

ಚಂದ್ರಪ್ರಭಾ ಎದ್ದು ತನ್ನ ಕಾಯಂ ಕುರ್ಚಿಯನ್ನು ಬಾಲ್ಕನಿಗೆ ಎಳೆದೊಯ್ದು ಬಿಸಿಲಿಗೆ ಹಾಕಿ, ಕೂತುಕೊಳ್ಳಿ ಸರ್ ಎಂದಳು. ಚಹಾ ತಂದು ಕೈಗೆ ಕೊಟ್ಟು, ತಾನೊಂದು ಸ್ಟೂಲ್ ಎಳೆದುಕೊಂಡಳು. ಕೆಳಗೆ ಬಾರಾಖಂಬಾ ರಸ್ತೆ ಹಾರ್ನ್ ಬಾರಿಸುತ್ತ ಓಡುತ್ತಿತ್ತು. ಒಳಗೆ ಫೋನು ಬಡಿದುಕೊಂಡಿತು. ಸಾಹೇಬರು ಅರ್ಧ ಎದ್ದರು, ಏನನ್ನಿಸಿತೋ, ಮತ್ತೆ ಕೂತರು. ಚಹಾ ಮುಗಿಯಿತು. ಅವರ ಭುಜಗಳು ಸಡಿಲವಾದವು. ಬಹಳ ಹೊತ್ತಿನ ಮೇಲೆ ಅವರು ಕಣ್ಣು ಮುಚ್ಚಿಕೊಂಡೇ, "ಇದೇನಾ?" ಎಂದರು.

"ಇದೇ ಸರ್," ಎಂದಳು ಚಂದ್ರಪ್ರಭಾ. "ನಿಮಗೆ ಐದನೆಯ ಸಲ."