ತಲೆಯ ಮೇಲೆ ಬರೆದ ತಪ್ಪು

ನಮ್ಮ ಯಜಮಾನರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಉಗಿ ಮಿತಿಮೀರಿದರೆ ತಾನಾಗಿ ತೆರೆದುಕೊಂಡು ಹೊರಗೆ ಬಿಡುವ ವಾಲ್ವ್ ಒಂದು ಅದಕ್ಕಿತ್ತು. ಆ ವರ್ಷ ಕೆಲಸ ಜಾಸ್ತಿ. ಉಗಿ ಪೋಲಾಗುತ್ತದೆಂದು ಮ್ಯಾನೇಜರ್ ಆ ವಾಲ್ವ್ ಏಳದಂತೆ ಕಬ್ಬಿಣದ ತುಂಡೊಂದನ್ನು ನೇತುಹಾಕಿಸಿದ. ನೇತುಹಾಕಿದ ಕೈ ನಮ್ಮವರದು.

ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುವವನನ್ನು ಎಲ್ಲರೂ ಕೆಂಡಣ್ಣ ಅನ್ನುತ್ತಿದ್ದರು. ಆ ತುಂಡನ್ನು ನೋಡಿ, "ಇಂಥದ್ದೇ ಇನ್ನೊಂದಿದ್ರೆ ಕೊಡಣ್ಣ, ನನ್ ಹೆಂಡ್ತಿ ಬಾಯಿಗೂ ಕಟ್ತೀನಿ" ಅಂದನಂತೆ. ಇಬ್ಬರೂ ನಕ್ಕಿದ್ದರಂತೆ. ಮೂರನೇ ದಿನ ಮಧ್ಯಾಹ್ನ ಯಜಮಾನರು ಊಟಕ್ಕೆ ಬಂದು ಕೈ ತೊಳೆಯುತ್ತಿದ್ದರು, ಮನೆಯ ಬಾಗಿಲು ಗಡಗಡ ನಡುಗಿತು. ಬಾಯ್ಲರ್ ಒಡೆದಾಗ ಅಲ್ಲಿದ್ದವನು ಕೆಂಡಣ್ಣ ಒಬ್ಬನೇ.

ಅಧಿಕಾರಿಗಳು ಬರುವ ಹೊತ್ತಿಗೆ ಕಬ್ಬಿಣದ ತುಂಡು ಮಾಯ. ಕೆಂಡಣ್ಣ ಕೆಲಸದಲ್ಲಿ ನಿದ್ದೆ ಹೋಗುವ ಅಭ್ಯಾಸದವನು, ಅವನಿಂದಲೇ ಹೀಗಾಯಿತು ಎಂದು ಮ್ಯಾನೇಜರ್ ಬರೆಸಿದ ಕಾಗದ ಯಜಮಾನರ ಸಾಕ್ಷಿ ಸಹಿಗೆಂದು ನಮ್ಮ ಮನೆಗೆ ಬಂತು. ಯಜಮಾನರು ಅದನ್ನು ಹಿಡಿದು ಕೂತೇ ಇದ್ದರು.

"ಸತ್ತವನ ಬಗ್ಗೆ ಏನ್ ಬರೆದ್ರೇನ್ರೀ? ಈ ಮನೆ ಕಾರ್ಖಾನೇದು. ಎರಡು ಹೆಣ್ಣುಮಕ್ಕಳನ್ನ ಕಟ್ಕೊಂಡು ಬೀದಿಗೆ ಬೀಳೋಣ್ವಾ?" ಅಂದವಳು ನಾನು.

ಸಹಿ ಹಾಕಿದರು.

ಆಮೇಲೆ ನಮ್ಮಲ್ಲಿ ಪಾತ್ರೆಗೆ ಮುಚ್ಚಳ ಹಾಕುವಂತಿರಲಿಲ್ಲ. ಅನ್ನ ಕುದಿದು ಮುಚ್ಚಳ ಟಕಟಕ ಅಂದರೆ ಯಜಮಾನರು ಓಡಿಬಂದು ಬರಿಗೈಯಲ್ಲಿ ಎತ್ತುತ್ತಿದ್ದರು. ನನಗೋ, ಹಾಡಹಗಲೇ ಹಿತ್ತಿಲಲ್ಲಿ ಯಾರೋ ನೆಲಕ್ಕೆ ಸಲಿಕೆ ಎಳೆದ ಸದ್ದು. ಮಕ್ಕಳಿಗೆ ಅದು ಕೇಳಿಸುತ್ತಿರಲಿಲ್ಲ. ಯಜಮಾನರು ಮಾತ್ರ ಕತ್ತೆತ್ತುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಅತ್ತ ಕೆಂಡಣ್ಣನ ಹೆಂಡತಿಯನ್ನು ಬೀದಿಯವರು 'ನಿದ್ದೆಗಣ್ಣನ ಹೆಂಡತಿ' ಎಂದು ಕರೆಯತೊಡಗಿದರು.

ಶುಭ ಶುಕ್ರವಾರ, ಸ್ವಾಮಿ ಶಿಲುಬೆಯಲ್ಲಿ ಸತ್ತ ದಿನ, ನಮ್ಮ ದೇವಾಲಯದಲ್ಲಿ ಒಬ್ಬೊಬ್ಬರಾಗಿ ಶಿಲುಬೆಯ ಮೇಲಿನ ಪ್ರತಿಮೆಯ ಪಾದಕ್ಕೆ ಮುತ್ತಿಡುತ್ತೇವೆ. ಪ್ರತಿಯೊಬ್ಬರ ನಂತರ ಬಿಳಿ ಬಟ್ಟೆಯಿಂದ ಪಾದ ಒರೆಸುವುದು ಯಜಮಾನರ ಸೇವೆ. ಮ್ಯಾನೇಜರ್ ಮುತ್ತಿಟ್ಟ, ಒರೆಸಿದರು. ನಾನಿಟ್ಟೆ, ಒರೆಸಿದರು. ನನ್ನ ಹಿಂದೆ ಕೆಂಡಣ್ಣನ ಹೆಂಡತಿ. ಅವಳಿಗೆ ಓದು ಬಾರದು.

"ಸ್ವಾಮಿ ತಲೆ ಮೇಲಿನ ಹಲಗೇಲಿ ಏನ್ ಬರ್ದಿದೆ ಅಣ್ಣಾ?"

"ಅವರ ಮೇಲೆ ಹೊರಿಸಿದ ತಪ್ಪು, ತಂಗಿ."

"ಬರ್ದೋರ್ಯಾರು?"

"ಕೊಂದೋರೇ."

"ಹಂಗಾದ್ರೆ ನಮ್ಮವರ ಸಂಕಟ ಈ ಸ್ವಾಮಿಗೆ ಗೊತ್ತಿರತ್ತೆ" ಎಂದು ಬಗ್ಗಿ ಮುತ್ತಿಟ್ಟಳು.

ಅವಳು ಹೋದ ಮೇಲೆ ಯಜಮಾನರ ಕೈ ಮೇಲೇಳಲಿಲ್ಲ. ಬಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಹೊರಗೆ ಹೋದರು.

ಮನೆಯಲ್ಲಿ ಹೇಳಿದರು: "ಕೊಂದೋರು ಬರೆದ ಸುಳ್ಳನ್ನ ದೇವರು ಮೂರನೇ ದಿನಕ್ಕೆ ಸ್ವಾಮೀನ ಎಬ್ಬಿಸಿ ಅಳಿಸಿ ಹಾಕ್ದ. ನಾನು ಅದನ್ನೇ ಮತ್ತೆ ಬರ್ದೆ ಕಣೇ."

"ಹೋಗಿ ನಿಜ ಹೇಳಿ ಜೈಲಾದ್ರೆ?"

"ನಾನು ಹೊರಬೇಕಾದ್ದನ್ನ ಸತ್ತವನ ಬೆನ್ನಿಗೆ ಹೇರಿ, ಮುಂದಿನ ವರ್ಷ ಯಾವ ಮುಖ ಇಟ್ಕೊಂಡು ಆ ಪಾದ ಒರೆಸ್ಲಿ?"

ನಾನು ಅತ್ತೆ, ಬೈದೆ, ಆದರೆ ಈ ಸಲ ತಡೆಯಲಿಲ್ಲ. ಸೋಮವಾರ ವಿಚಾರಣೆಯ ಅಧಿಕಾರಿಯ ಮುಂದೆ ಮ್ಯಾನೇಜರನ ಆಜ್ಞೆಯನ್ನೂ ತಮ್ಮ ಕೈಯ ಕೆಲಸವನ್ನೂ ಒಪ್ಪಿಸಿದರು. ಕೆಲಸ ಹೋಯಿತು, ಮನೆ ಹೋಯಿತು. ಮ್ಯಾನೇಜರನಿಗೂ ಶಿಕ್ಷೆಯಾಯಿತು, ನಮ್ಮವರಿಗೆ ಎಂಟು ತಿಂಗಳು ಜೈಲು. ಕೆಂಡಣ್ಣ ನಿರ್ದೋಷಿ ಎಂದು ಹೊಸದಾಗಿ ಬರೆದರು.

ಒಂದು ದಿನ ಕೆಂಡಣ್ಣನ ಹೆಂಡತಿ ನಮ್ಮ ಬಾಡಿಗೆ ಕೋಣೆಗೆ ಬಂದಳು. ಕೂರಲಿಲ್ಲ.

"ಕ್ಷಮಿಸ್ದೆ ಅಂತ ಹೇಳೋಕೆ ಬಂದಿಲ್ಲ ಅಕ್ಕಾ, ಅದು ಇನ್ನೂ ನನ್ ಕೈಲಾಗ್ತಿಲ್ಲ. ಇವತ್ತು ಶಾಲೇಲಿ ಅಪ್ಪ ಯಾರು ಅಂತ ಕೇಳಿದ್ರೆ ನನ್ ಮಗಳು ಎದ್ದು ನಿಂತು ಗಟ್ಟಿಯಾಗಿ ಹೆಸರು ಹೇಳಿದ್ಲು. ಅದನ್ನ ಅಣ್ಣನಿಗೆ ಮುಟ್ಸಿ."

ಮುಂದಿನ ಭೇಟಿಯಲ್ಲಿ ಮುಟ್ಟಿಸಿದೆ. ಯಜಮಾನರು ಕಂಬಿಗೆ ಹಣೆ ಒತ್ತಿದರು.

"ಇನ್ನೊಂದ್ಸಲ ಹೇಳು" ಎಂದರು.